ಅಕ್ಷರವಿಲ್ಲದ ಪುಟ

ತಾಳವಾಡಿ ಪೇಟೆಯಲ್ಲಿ ನನ್ನ ಅಂಗಡಿಯ ನೆತ್ತಿಯ ಮೇಲೆ ‘ಡಿಸೈನ್, ವೆಬ್ ಪುಟ’ ಎಂದು ಕನ್ನಡದಲ್ಲೂ ತಮಿಳಲ್ಲೂ ಬರೆದ ಬೋರ್ಡಿದೆ. ಬರೆದವನು ನಾನೇ, ಎನಾಮಲ್ ಬಣ್ಣದಲ್ಲಿ, ಕುಂಚ ಹಿಡಿದು. ವೆಬ್ ಪುಟ ಮಾಡುವವನೊಬ್ಬ ತನ್ನ ಕಸುಬಿನ ಹೆಸರನ್ನು ಹೀಗೆ ಬರೆದುಕೊಂಡಿರುವುದು ಈ ಬೆಟ್ಟಗಳ ಮೇಲೆ ಇದೊಂದೇ ಇರಬೇಕು. ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ಈ ಕುಂಚದ ಬುದ್ಧಿಯೇ ಅರ್ಧ ಕಾರಣವಾದ್ದರಿಂದ ಮೊದಲೇ ದಾಖಲು ಮಾಡುತ್ತಿದ್ದೇನೆ.

ಮೂವತ್ತು ವರ್ಷ ನಾನು ಗೋಡೆ ಬರೆದೆ. ದಿಂಬಂನ ಟೀ ಅಂಗಡಿಗಳ ಬೋರ್ಡು, ಬಸ್ಸಿನ ಹಣೆ, ಗೊಬ್ಬರದಂಗಡಿಯ ಬಾಗಿಲು, ಮದುವೆ ಮನೆಯ ‘ಸುಸ್ವಾಗತ’, ಎಲ್ಲಾ ನನ್ನ ಕೈಯವೇ. ಆಮೇಲೆ ಫ್ಲೆಕ್ಸ್ ಬಂತು. ನೋಡನೋಡುತ್ತಿದ್ದಂತೆ ದೊಡ್ಡಗಾಜನೂರಿನಿಂದ ಪಣಕಹಳ್ಳಿಯವರೆಗೆ ಹುಟ್ಟುಹಬ್ಬ, ಸಾವು, ಪರೀಕ್ಷೆ ಪಾಸು, ಸಕಲವೂ ಪ್ಲಾಸ್ಟಿಕ್ಕಿನ ಮೇಲೆ ನಗತೊಡಗಿದವು. ನಾನು ಕುಂಚ ತೊಳೆದಿಟ್ಟು, ಐವತ್ತು ದಾಟಿದ ಮೇಲೆ, ದಿನಾ ಘಾಟಿ ಇಳಿದು ಹತ್ತಿ ಸತ್ಯಮಂಗಲದಲ್ಲಿ ಕಂಪ್ಯೂಟರ್ ಕಲಿತೆ. ಜೊತೆಯಲ್ಲಿ ಕಲಿಯುತ್ತಿದ್ದ ಮಕ್ಕಳು ಮೊದಲ ವಾರವೆಲ್ಲ ನನ್ನನ್ನು ಯಾರದೋ ತಂದೆ, ಫೀಜು ಕಟ್ಟಲು ಬಂದು ಕೂತಿದ್ದಾರೆ ಎಂದುಕೊಂಡಿದ್ದರು. ವೆಬ್ ಪುಟದಲ್ಲಿ ಪೆಟ್ಟಿಗೆಗಳನ್ನು ಅಕ್ಕಪಕ್ಕ ಜೋಡಿಸುವ ಆಜ್ಞೆಯ ಹೆಸರೂ ಫ್ಲೆಕ್ಸ್ ಎಂದು ಮೇಡಂ ಹೇಳಿದ ದಿನ ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡು ಬಂದೆ.

ಆದರೂ ಕಲಿತೆ. ಗೋಡೆಯಿಂದ ನಾನು ತಂದುಕೊಂಡ ಕಾಯಿದೆಗಳು ಕೆಲವಿದ್ದವು. ಓಡುವ ಬಸ್ಸಿನಿಂದ ನೋಡಿದವನಿಗೂ ಓದಲು ಬರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಬೇಕು. ಈಗಿನವರು ಬಿಳಿ ಹಾಳೆಯ ಮೇಲೆ ಬೂದು ಬಣ್ಣದ ಕೂದಲೆಳೆಯಂಥ ಅಕ್ಷರ ಇಟ್ಟು ಅದಕ್ಕೆ ಅಂದ ಎನ್ನುತ್ತಾರೆ. ಹೊಲದಲ್ಲಿ ನಿಂತು ಫೋನಿನ ಗಾಜನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನೋಡುವವರಿಗೆ ಅದು ಖಾಲಿ ಹಾಳೆ. ಸಾಲಿಗೂ ಸಾಲಿಗೂ ನಡುವೆ ಜಾಗ ಬಿಡಬೇಕು. ಇಂಗ್ಲಿಷಿನ ಅಳತೆಗೆ ಕತ್ತರಿಸಿದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಪುಟ ಹಗುರವಾಗಿರಬೇಕು, ಏಕೆಂದರೆ ನಮ್ಮಲ್ಲಿ ಸಿಗ್ನಲ್ಲು ನೀರಿನ ಟ್ಯಾಂಕಿನ ಹತ್ತಿರ ಮಾತ್ರ ವಾಸ ಮಾಡುತ್ತದೆ. ಇಷ್ಟನ್ನು ನಾನು ಬಲ್ಲವನಾಗಿದ್ದೆ. ಬಲ್ಲವನು ಎಂದು ನಾಲ್ಕು ಜನ ಹೇಳುವಷ್ಟು ಬಲ್ಲವನಾಗಿದ್ದೆ, ಅದೇ ಅಪಾಯ.

ಪಣಕಹಳ್ಳಿ ಕಡೆಯ ಕೆಲವು ಬೆಳೆಗಾರರು ಒಟ್ಟಾಗಿ ನನ್ನ ಹತ್ತಿರ ಬಂದರು. ಅವರ ಪೈಕಿ ಹಿರಿಯರೊಬ್ಬರು ನನಗೆ ದೂರದ ನೆಂಟರು, ಹಣೆ ತುಂಬ ವಿಭೂತಿ, ಮಾತು ಗಟ್ಟಿ. ಅವರ ಹೊಲಗಳು ಕಾಡಿನ ಅಂಚಿನಲ್ಲಿವೆ. ಕೋಸು, ಬೀನ್ಸು, ರಾಗಿ, ಜೋಳ. ಜೋಳ ಹಾಲು ತುಂಬುವ ಹೊತ್ತಿಗೆ ಆನೆಗಳು ಬರುತ್ತವೆ, ಹೊಟ್ಟೆ ತುಂಬಿದ ಮೇಲೆ ಬೆಳಗಾಗುವುದರೊಳಗೆ ಕಾಡಿಗೆ ಹೋಗುತ್ತವೆ. ಕೆಲವು ಹೋಗುವುದಿಲ್ಲ. ಕಷ್ಟವಿರುವುದು ಈ ಹೋಗದವುಗಳಿಂದ. ಏಕೆಂದರೆ ಬೆಳಕು ಹರಿಯುವ ಹೊತ್ತಿಗೆ ಊರಂಚಿನ ಕಾಲೋನಿಯಿಂದ ಹನ್ನೆರಡು ಹೆಂಗಸರು ಆ ಹೊಲಗಳಿಗೆ ಕೆಲಸಕ್ಕೆ ಹೊರಡುತ್ತಾರೆ. ಊರು ದಾಟಿದ ಮೇಲೆ ದಾರಿ ಕವಲಾಗುತ್ತದೆ: ಎಡಕ್ಕೆ ಕೆರೆ ಏರಿಯ ದಾರಿ, ಬಲಕ್ಕೆ ಗುಡ್ಡದ ಬುಡದ ದಾರಿ. ಎರಡೂ ಹೊಲಕ್ಕೇ ಹೋಗುತ್ತವೆ. ಯಾವುದರಲ್ಲಿ ಆನೆ ನಿಂತಿದೆ ಎಂಬುದಷ್ಟೇ ಪ್ರಶ್ನೆ.

ಹಿರಿಯರು ಕೇಳಿದ್ದು ಸರಳ. ಅಟ್ಟಣೆಯ ಮೇಲಿನ ಕಾವಲಿನವನು ಬೆಳಿಗ್ಗೆ ಅವರಿಗೆ ಫೋನು ಮಾಡುತ್ತಾನೆ. ಅವರು ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ, ಹೆಂಗಸರ ಗುಂಪಿನ ಮೇಸ್ತ್ರಿಯ ಫೋನಿನಲ್ಲಿ ಯಾವ ದಾರಿ ಸರಿ ಎಂದು ಕಾಣಬೇಕು. ಮೇಸ್ತ್ರಿ ಎಂದರೆ ಆಳುಗಳನ್ನು ಕೂಡಿಸಿ ಮುಂದೆ ನಡೆಯುವವಳು. ನಲವತ್ತೈದರ ಹೆಂಗಸು, ಗಂಡಿಲ್ಲದ ಮನೆ, ಮಾತಿಗೆ ಮುಂಚೆ ನಗು. ಆ ಹನ್ನೆರಡು ಜನ ಅವಳು ಏಳಿ ಎಂದರೆ ಏಳುತ್ತಿದ್ದರು, ಕೂರಿ ಎಂದರೆ ಕೂರುತ್ತಿದ್ದರು.

ಇಲ್ಲಿ ಲಿಪಿಯ ಪ್ರಶ್ನೆ ಎದ್ದಿತು. ಕನ್ನಡ ಮೇಲಿಟ್ಟು ತಮಿಳು ಕೆಳಗಿಟ್ಟರೆ ತಮಿಳು ಸರ್ಕಾರದ ಆಫೀಸಿನವರು ಬಂದಾಗ ಮುಖ ಸಿಂಡರಿಸುತ್ತಾರೆ. ತಮಿಳು ಮೇಲಿಟ್ಟರೆ ಹಿರಿಯರು ಸಿಂಡರಿಸುತ್ತಾರೆ. ಎರಡನ್ನೂ ದೊಡ್ಡದಾಗಿ ಇಟ್ಟರೆ ಚಿಕ್ಕ ಫೋನಿನಲ್ಲಿ ಜಾಗವಿಲ್ಲ. ಇನ್ನು ಆ ಹನ್ನೆರಡರಲ್ಲಿ ಕೆಲವರು ಇಸ್ಕೂಲಿನಲ್ಲಿ ತಮಿಳು ಕಲಿತವರು, ಕೆಲವರು ಕನ್ನಡ ಕಲಿತವರು, ಉಳಿದವರು ಎರಡನ್ನೂ ಕಲಿಯದೆ ಸುಖವಾಗಿರುವವರು. ಬೋರ್ಡು ಬರೆಯುತ್ತಿದ್ದ ಕಾಲದಿಂದಲೂ ಈ ಮೇಲೆ ಕೆಳಗೆ ಜಗಳಕ್ಕೆ ನಾನು ಹೆದರುತ್ತಲೇ ಬಂದವನು. ಆದ್ದರಿಂದ ಗಂಭೀರವಾಗಿ ಮೂರು ದಿನ ಯೋಚಿಸಿ ಒಂದು ಘನ ನಿರ್ಧಾರಕ್ಕೆ ಬಂದೆ: ಈ ಪುಟದಲ್ಲಿ ಅಕ್ಷರವೇ ಬೇಡ. ಎರಡು ದೊಡ್ಡ ಪೆಟ್ಟಿಗೆ, ಅಕ್ಕಪಕ್ಕ. ಎಡಗಡೆಯದು ಎಡದ ದಾರಿ, ಬಲಗಡೆಯದು ಬಲದ ದಾರಿ. ಆನೆ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಓದಲು ಬಾರದವರಿಗೂ ಸರಿ, ಓದಲು ಬರುವವರಿಗೆ ಜಗಳವಾಡಲು ಏನೂ ಇಲ್ಲ. ಎರಡು ಭಾಷೆಯ ಊರಿಗೆ ಇದಕ್ಕಿಂತ ನ್ಯಾಯವಾದ ಪುಟವನ್ನು ಯಾರೂ ಮಾಡಿರಲಾರರು ಎಂದು ನನಗೆ ನಾನೇ ಹೇಳಿಕೊಂಡೆ, ಅದೂ ಒಂದಕ್ಕಿಂತ ಹೆಚ್ಚು ಸಲ.

ಹಿರಿಯರ ಮನೆಯಂಗಳದಲ್ಲಿ ಲ್ಯಾಪ್‌ಟಾಪು ತೆರೆದಿಟ್ಟು ಹೆಂಗಸರಿಗೆ ತೋರಿಸಿದೆ. “ಎಡಗೈ ಎತ್ತಿ,” ಎಂದೆ. ಹನ್ನೆರಡು ಎಡಗೈ ಎದ್ದವು. “ಇದು ಕೆರೆ. ಬಲಗೈ? ಅದು ಗುಡ್ಡ.” ಒಬ್ಬ ಅಜ್ಜಿ “ಇಷ್ಟೇಯಾ? ನಂಗೂ ಬಂದ್ಬುಡ್ತದ!” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಗುರುವಿನ ಗಾಂಭೀರ್ಯದಿಂದ ತಲೆಯಾಡಿಸಿದೆ.

ನನ್ನ ಫೋನಿನಲ್ಲೂ ಪರೀಕ್ಷೆ ಮಾಡಿದ್ದೆ. ಪೆಟ್ಟಿಗೆಗಳು ಅಕ್ಕಪಕ್ಕವೇ ಇದ್ದವು. ಕಣ್ಣು ಸೋತಂದಿನಿಂದ ಅಕ್ಷರ ದೊಡ್ಡದಾಗಲಿ ಎಂದು ನಾನು ಫೋನನ್ನು ಯಾವಾಗಲೂ ಅಡ್ಡ ಹಿಡಿದೇ ನೋಡುತ್ತೇನೆ. ಲೋಕದ ಉಳಿದೆಲ್ಲರೂ ಉದ್ದ ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನೆನಪಾಗಲಿಲ್ಲ, ಅಷ್ಟೆ. ಪುಟಕ್ಕೆ ಅಗಲ ಸಾಲದೆ ಹೋದರೆ ಬಲಗಡೆಯ ಪೆಟ್ಟಿಗೆ ಎಡಗಡೆಯದರ ಕೆಳಕ್ಕೆ ಇಳಿಯಲಿ ಎಂಬ ಒಂದು ಸಾಲನ್ನೂ ನಾನೇ ಬರೆದಿದ್ದೆ. ಎಲ್ಲ ಪುಟಕ್ಕೂ ಬರೆಯುತ್ತೇವೆ, ಕೈಗೆ ರೂಢಿಯಾದ ಸಾಲು. ಅಂಗಡಿಯ ಪುಟದಲ್ಲಿ ಸೀರೆಯ ಚಿತ್ರ ಪಂಚೆಯ ಚಿತ್ರದ ಕೆಳಗೆ ಇಳಿದರೆ ಯಾರಿಗೂ ಏನೂ ಆಗುವುದಿಲ್ಲ.

ಒಂದು ವಾರದ ಮೇಲೆ ಮೇಸ್ತ್ರಿ ಪೇಟೆಗೆ ಬಂದವಳು ನನ್ನ ಅಂಗಡಿಯ ಮುಂದೆ ನಿಂತಳು. ನಾನು ಯಾರದೋ ಗೃಹಪ್ರವೇಶದ ಕಾರ್ಡಿನಲ್ಲಿ ಮುಳುಗಿದ್ದೆ.

“ಪೈಂಟ್ರಣ್ಣ, ನನ್ ಫೋನ್ನಲ್ಲಿ ಅವು ಅಕ್ಕಪಕ್ಕ ಇಲ್ಲ ಕಣ. ಒಂದ್ರ ಮ್ಯಾಲ ಒಂದು ಕುಂತವ.”

“ನಿನ್ನ ಫೋನು ಚಿಕ್ಕದು ಕಣಮ್ಮ, ಹಾಗೇ ಕಾಣೋದು,” ಎಂದೆ, ತಲೆ ಎತ್ತದೆ. “ಹೆಂಗಿದ್ರೂ ಒಂದೇ.”

“ಒಂದೇಯಾ?”

“ಒಂದೇ.”

ಅವಳು ಹೋದಳು. ಕಾರ್ಡಿನ ಮೂಲೆಯ ಬಳ್ಳಿ ನನಗೆ ಆವತ್ತು ಬಹಳ ಚೆನ್ನಾಗಿ ಬಂತು.

ಇದಾಗಿ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಕಾವಲಿನವನು ಫೋನು ಮಾಡಿದ: ಎರಡು ಆನೆ, ಒಂದು ಮರಿ, ಕೆರೆ ಏರಿಯ ಕೆಳಗೆ ಜೋಳದಲ್ಲಿ ನಿಂತಿವೆ. ಹಿರಿಯರು ಸರಿಯಾಗಿಯೇ ಎಡಗಡೆಯ ಪೆಟ್ಟಿಗೆಯನ್ನು ಕೆಂಪು ಮಾಡಿದರು. ಮೇಸ್ತ್ರಿ ನೀರಿನ ಟ್ಯಾಂಕಿನ ಕೆಳಗೆ ನಿಂತು ಪುಟ ತೆರೆದಳು. ಸಿಗ್ನಲ್ಲು ತನ್ನ ಕೆಲಸ ಮಾಡಿತು, ಬಣ್ಣ ತನ್ನ ಕೆಲಸ ಮಾಡಿತು. ಅವಳ ಫೋನಿನಲ್ಲಿ ಮೇಲಿನ ಪೆಟ್ಟಿಗೆ ಕೆಂಪು, ಕೆಳಗಿನದು ಹಸಿರು. ಮೇಲಿರುವುದು ಗುಡ್ಡ, ಕೆಳಗಿರುವುದು ಕೆರೆ. ಗುಡ್ಡವನ್ನು ಕಣ್ಣಾರೆ ಕಂಡ ಯಾರಿಗಾದರೂ ಹಾಗಲ್ಲದೆ ಬೇರೆ ಹೇಗೆ ತೋಚೀತು? ಹನ್ನೆರಡು ಜನರನ್ನು ಹಿಂದೆ ಕಟ್ಟಿಕೊಂಡು ಅವಳು ಕೆರೆಯ ದಾರಿ ಹಿಡಿದಳು.

ಆನೆ ಎದುರಾದದ್ದು ಏರಿಯ ಅರ್ಧ ದಾರಿಯಲ್ಲಿ. ಮರಿಯಿದ್ದ ತಾಯಿ ಕಿವಿ ಅಗಲಿಸಿ ಮೇಲೆ ಬಂತಂತೆ. ಹೆಂಗಸರು ಬುತ್ತಿ ಬಿಸಾಕಿ ಓಡಿದರು. ಇಬ್ಬರು ಹೆದರಿ ಕಾಲು ಕೀಳದೆ ನಿಂತುಬಿಟ್ಟರು. ಮೇಸ್ತ್ರಿ ಅವರನ್ನು ಏರಿಯಿಂದ ಒಣ ಕಾಲುವೆಗೆ ತಳ್ಳಿ ತಾನೂ ಹಾರಿದಳು. ಎಡಗೈ ಮಣಿಕಟ್ಟು ಕಲ್ಲಿಗೆ ಬಡಿದು ಮುರಿಯಿತು. ಆನೆಗಳು ಬೆನ್ನಟ್ಟಲಿಲ್ಲ. ಹನ್ನೆರಡು ಬುತ್ತಿಯ ಮುದ್ದೆಯನ್ನು ಸಾವಕಾಶವಾಗಿ ತಿಂದು, ಡಬ್ಬಗಳನ್ನು ತುಳಿದು ತಟ್ಟೆ ಮಾಡಿ ಹೋದವು. ಯಾರೂ ಸಾಯಲಿಲ್ಲ. ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಈಗ ಅದಕ್ಕೆ ಅರ್ಥವೇ ಉಳಿದಿಲ್ಲ.

ಆ ಮಧ್ಯಾಹ್ನ ಹಿರಿಯರ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ನನಗೆ ಕುರ್ಚಿ. ಮೇಸ್ತ್ರಿ ಕೈಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದಳು.

“ಅಲ್ಲಾ ಕಣಮ್ಮ, ಕೆಂಪು ಅಂದ್ರ ಏನು ಅಂತ ನಿಂಗ ಗೊತ್ತಿಲ್ವಾ?” ಎಂದರು ಹಿರಿಯರು. “ಪೈಂಟ್ರು ಅಷ್ಟು ಬುಡ್ಸಿ ಬುಡ್ಸಿ ಯೋಳ್ಕೊಟ್ರಲ್ಲ!”

“ಗೊತ್ತದ ಬುದ್ಧಿ.”

“ಮತ್ಯಾಕ್ ಕೆರ ದಾರಿ ಇಡುದ್ದೆ?”

“ನನ್ ಫೋನ್ನಲ್ಲಿ ಕೆರ ಅಸ್ರಾಗಿತ್ತು.”

“ಅಸ್ರಾಗಿತ್ತಂತ! ಈ ಕೈಲಿ ನಾನೇ ಕೆಂಪು ಒತ್ತಿವ್ನಿ ಕಣಮ್ಮ, ಈ ಕೈಲಿ!”

ಪಕ್ಕದಲ್ಲಿ ಕೂತವರೊಬ್ಬರು ಎಲೆಯಡಿಕೆ ಉಗಿದು ಬಂದು, “ಓದಕ್ ಬರದವ್ರ ಕೈಗ ಫೋನು ಕೊಟ್ರ ಇಂಗೇಯ,” ಎಂದರು. ಆ ಪುಟದಲ್ಲಿ ಓದಲು ಒಂದಕ್ಷರವೂ ಇರಲಿಲ್ಲ ಎಂದು ಹೇಳಬೇಕಾದವನು ನಾನು. ಅವಳ ಫೋನಿನಲ್ಲಿ ಏನಾಗಿತ್ತು ಎಂದು ನನಗೆ ಆ ಕ್ಷಣಕ್ಕೇ ಹೊಳೆದಿತ್ತು. ಒಂದರ ಮೇಲೊಂದು ಎಂದು ಅವಳೇ ಬಂದು ಹೇಳಿದ್ದು ಕಿವಿಯಲ್ಲಿ ಕೂತಿತ್ತು. ಅವಳು ನನ್ನ ಕಡೆ ಒಂದು ಸಲ ನೋಡಿದಳು. ನಾನು ಜಗಲಿಯ ಕಂಬದ ಹಸಿರು ಬಣ್ಣವನ್ನು ನೋಡತೊಡಗಿದೆ. ಒಳ್ಳೆಯ ಬಣ್ಣ, ಎರಡು ಕೋಟು ಕೊಟ್ಟಿದ್ದರು.

ಟೆಂಪೋ ಇಟ್ಟುಕೊಂಡು ಆಳು ತರುವವನೊಬ್ಬ ಬಹಳ ದಿನದಿಂದ ಈ ಹೊಲಗಳ ಮೇಲೆ ಕಣ್ಣಿಟ್ಟಿದ್ದ. ಮುಂದಿನ ವಾರದಿಂದ ಅವನೇ ಆಳು ತರಲಿ, ಈ ಹನ್ನೆರಡರಲ್ಲಿ ಬೇಕಾದವರು ಅವನ ಟೆಂಪೋ ಹತ್ತಲಿ, ಇವಳಿಗೆ ಮೇಸ್ತ್ರಿಗಿರಿ ಬೇಡ ಎಂದು ತೀರ್ಮಾನವಾಯಿತು. “ಅನ್ನೆಲ್ಡು ಜೀವ ಆನ ಮುಂದ್ಕ ತಕ್ಕೊಂಡೋದವ್ಳು” ಎಂಬ ಮಾತು ಅಂಗಳದಿಂದ ಕಾಲೋನಿಗೆ ಅವಳಿಗಿಂತ ಮುಂಚೆ ತಲುಪಿತು.

ಮಾರನೆಯ ದಿನ ನಾನು ಅವಳ ಮನೆಗೆ ಹೋದೆ. ಕೈಗೆ ಪ್ಲಾಸ್ಟರು ಬಿದ್ದಿತ್ತು. ಬಾಗಿಲಲ್ಲಿ ಕೂತು ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯಲು ಹೆಣಗುತ್ತಿದ್ದಳು.

“ಬನ್ನಿ ಪೈಂಟ್ರಣ್ಣ. ಕುರ್ಚಿ ಇಲ್ಲ. ಎಡಕ್ಕಾದ್ರೂ ಕುಂತ್ಕಳಿ, ಬಲಕ್ಕಾದ್ರೂ ಕುಂತ್ಕಳಿ, ಎಲ್ಲಾ ಒಂದೇ.”

ನಾನು ಕೂತೆ. “ನೀನು ನನ್ನನ್ನು ಕೇಳಿದ್ದೆ ಅಂತ ಅಲ್ಲಿ ಯಾಕೆ ಹೇಳಲಿಲ್ಲ?”

“ನಾ ಯೋಳುದ್ರ ಅದು ನೆಪ. ನೀವು ಯೋಳುದ್ರ ಅದು ಮಾತು. ನೀವು ಯೋಳ್ತೀರಿ ಅಂತ ಕಾಯ್ತಿದ್ದಿ.” ಒಂದು ಅವರೆಕಾಯಿ ಜಾರಿ ಬಿತ್ತು. “ನೀವು ಕಂಬ ನೋಡ್ತಿದ್ರಿ.”

ಬಿದ್ದ ಕಾಯಿಯನ್ನು ಎತ್ತಿ ಮೊರಕ್ಕೆ ಹಾಕಿದೆ. ಅವಳೇ ಮುಂದುವರಿಸಿದಳು: “ಇದ್ಕ ಮುಂಚೆ ಎಲ್ಡು ಸಲ ಕೆಳಗಲುದು ಕೆಂಪಾಗಿತ್ತು. ನಾವು ಕೆರ ಬುಟ್ಟು ಗುಡ್ಡದ ದಾರಿಲಿ ಓದೊ. ಆವತ್ತು ಆನ ಗುಡ್ಡದ ತಾವೇ ಇತ್ತು, ಅಲ್ವಾ?”

ಇತ್ತು. ಆ ಎರಡೂ ದಿನ ಹನ್ನೆರಡು ಜನರೂ ಆನೆಯಿರುವ ಕಡೆಗೇ ನಡೆದಿದ್ದರು, ಹಾಡು ಹೇಳಿಕೊಂಡು. ಆನೆ ಸ್ವಲ್ಪ ಮುಂಚೆ ಕಾಡು ಸೇರಿತ್ತು, ಅಷ್ಟೇ ವ್ಯತ್ಯಾಸ. ಆ ಎರಡು ದಿನವೂ ನಾನು ಪೇಟೆಯಲ್ಲಿ ಟೀ ಕುಡಿಯುತ್ತ, ಪುಟ ಚೆನ್ನಾಗಿ ನಡೆಯುತ್ತಿದೆ ಎಂದು ನಾಲ್ಕು ಜನರಿಗೆ ಹೇಳಿದ್ದೆ.

“ನಾಳೆ ಹಿರಿಯರ ಹತ್ತಿರ ಹೋಗಿ ಹೇಳ್ತೀನಿ,” ಎಂದೆ.

“ಇವತ್ತೇ ಯಾಕಾಗಲ್ಲ? ಕಾಲು ಮುರ್ದೋಗಿರೋದು ನಿಮ್ದಲ್ವಲ್ಲ. ನಂದೂ ಅಲ್ಲ, ನಂದು ಕೈ.”

ಆವತ್ತೇ ಹೋದೆ. ಜಗಲಿಯ ಮೇಲೆ ನಿನ್ನೆಯವರೇ ಇದ್ದರು. ತಪ್ಪು ನನ್ನದು, ಆ ಹೆಂಗಸು ಮೊದಲೇ ಬಂದು ಕೇಳಿದ್ದಳು, ನಾನು ತಲೆ ಎತ್ತದೆ ಒಂದೇ ಎಂದುಬಿಟ್ಟೆ ಎಂದು ನಿಂತುಕೊಂಡೇ ಹೇಳಿದೆ. ಜೀವನದಲ್ಲಿ ಮೊದಲ ಸಲ ಇಷ್ಟು ನೇರವಾಗಿ ಒಪ್ಪಿಕೊಂಡಿದ್ದೆ. ಹಿರಿಯರು ಮರುಗಿದ ದನಿಯಲ್ಲಿ, “ಕುಂತ್ಕಳಿ, ಕುಂತ್ಕಳಿ. ಅದು ನಿಮ್ ದೊಡ್ತನ,” ಎಂದರು. ಎಲೆಯಡಿಕೆಯವರು, “ಇಂಥೋರು ಈಗೆಲ್ಲಿ ಸಿಕ್ತಾರ? ಬ್ಯಾರೆಯವ್ರ ತಪ್ನೂ ತಮ್ ತಲ ಮ್ಯಾಲ ಆಕ್ಕತಾರ,” ಎಂದರು. ಒಳಗಿನಿಂದ ನನಗೆ ಕಾಫಿ ಬಂತು. ತಪ್ಪೊಪ್ಪಿಗೆಗೆ ಸನ್ಮಾನ ಸಿಗುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಾಲೋನಿಯ ಹೆಂಗಸು ಸರಿಯಿದ್ದು ನಮ್ಮ ಪೈಕಿಯವನೊಬ್ಬ ತಪ್ಪು ಮಾಡಿರಲು ಸಾಧ್ಯವೇ ಇಲ್ಲ ಎಂಬ ನಂಬಿಕೆಯನ್ನು ಬರೀ ಮಾತಿನಿಂದ ಅಲ್ಲಾಡಿಸಲು ನನಗಾಗಲಿಲ್ಲ.

ಕಾಫಿ ಮುಟ್ಟದೆ ಚೀಲದಿಂದ ಲ್ಯಾಪ್‌ಟಾಪು ತೆಗೆದೆ. ಪುಟ ತೆರೆದು ಎಡದ ಪೆಟ್ಟಿಗೆಯನ್ನು ಕೆಂಪು ಮಾಡಿ ಜಗಲಿಯ ಅಂಚಿನಲ್ಲಿಟ್ಟೆ. “ಇದು ಕೆರೆ, ಕೆಂಪು. ಇದು ಗುಡ್ಡ, ಹಸಿರು. ಸರೀನಾ?” “ಸರಿ.” ಪರದೆಯ ಮೇಲೆ ಪುಟದ ಬಲ ಅಂಚನ್ನು ಹಿಡಿದು ನಿಧಾನವಾಗಿ ಒಳಕ್ಕೆ ಎಳೆಯತೊಡಗಿದೆ. ಪುಟ ಕಿರಿದಾಯಿತು. ಪೆಟ್ಟಿಗೆಗಳು ಮೈ ಕುಗ್ಗಿಸಿ ಸ್ವಲ್ಪ ದೂರ ತಡೆದುಕೊಂಡವು. ಫೋನಿನ ಅಗಲಕ್ಕೆ ಬಂದ ಕೂಡಲೆ ಬಲಗಡೆಯದು ಪಟ್ಟನೆ ಹಾರಿ ಎಡಗಡೆಯದರ ಕೆಳಗೆ ಕೂತಿತು.

“ಇನ್ನೊಂದ್ ಸಲ ಮಾಡಿ,” ಎಂದರು ಹಿರಿಯರು. ಮಾಡಿದೆ. ಐದು ಸಲ ಮಾಡಿಸಿದರು. ಎಲೆಯಡಿಕೆಯವರು ಎದ್ದು ಬಂದು ತಾವೂ ಒಂದು ಸಲ ಎಳೆದು ನೋಡಿದರು.

“ಈಗ ಮ್ಯಾಲ ಇರೋದು ಯಾವುದು?”

“ಕೆರೆ.”

“ಅದೆಂಗಾದಾತು? ಗುಡ್ಡ ಅಲ್ವಾ ಮ್ಯಾಲ ಇರೋದು?”

“ಅವಳೂ ಹಾಗೇ ತಿಳಿದಳು.”

ಹಿರಿಯರು ಮೇಲಿನ ಪೆಟ್ಟಿಗೆಯ ಮೇಲೊಮ್ಮೆ, ಕೆಳಗಿನದರ ಮೇಲೊಮ್ಮೆ ಬೆರಳಿಟ್ಟು ನೋಡಿದರು. ಆಮೇಲೆ, ಯಾರಿಗೂ ಹೇಳದವರಂತೆ, “ನಾನಾಗಿದ್ರೂ ಕೆರ ದಾರಿಗೇ ಓಯ್ತಿದ್ದಿ ಕಣ,” ಎಂದರು. ಅಲ್ಲಿಗೆ ಅವಳ ಮೇಲಿನ ಮಾತು ಜಗಲಿಯ ಮಟ್ಟಿಗೆ ಮುಗಿಯಿತು. ಟೆಂಪೋದವನಿಗೆ ಆ ವಾರಕ್ಕೆ ಒಪ್ಪಿದ್ದು ಹಾಗೇ ಇರಲಿ, ಆಮೇಲೆ ಹೆಂಗಸರು ಅವಳ ಹಿಂದೆ ಬರುವುದಾದರೆ ಅವಳೇ ಮೇಸ್ತ್ರಿ ಎಂದರು. ನನಗಂತೂ ಯಾರೂ ಏನೂ ಅನ್ನಲಿಲ್ಲ. ಕಾಫಿ ಆರಿಹೋಗಿದೆ ಎಂದು ಬೇರೆ ತರಿಸಿದರು. ಅದು ಮೊದಲನೆಯದಕ್ಕಿಂತ ಕಹಿಯಾಗಿತ್ತು, ಅಥವಾ ನಾಲಗೆ ಹಾಗಿತ್ತು.

‘ಬರುವುದಾದರೆ’ ಎಂಬುದರಲ್ಲಿ ಎಲ್ಲ ಇತ್ತು. ಆ ಹೆಂಗಸರು ಬರುವುದಿಲ್ಲ ಎಂದಿದ್ದರು. ಪೆಟ್ಟಿಗೆ ಹಾರಿದ ಕತೆ ಕಾಲೋನಿಗೆ ಮುಟ್ಟಿದರೂ ಅವರ ಕಾಲಿಗೆ ಮುಟ್ಟಿರಲಿಲ್ಲ.

ಹೊಸ ಪುಟ ಮಾಡಲು ಕೂತೆ. ಈ ಸಲ ಮೇಸ್ತ್ರಿಯನ್ನು ಅಂಗಡಿಗೆ ಕರೆಸಿ ಎದುರಿಗೆ ಕೂರಿಸಿಕೊಂಡೆ. ಪೆಟ್ಟಿಗೆಗಳನ್ನು ಕಿತ್ತುಹಾಕಿದೆ. ಅದರ ಜಾಗದಲ್ಲಿ ಒಂದೇ ಒಂದು ಚಿತ್ರ: ಕವಲಿನಲ್ಲಿ ನಿಂತರೆ ಹೇಗೆ ಕಾಣುತ್ತದೋ ಹಾಗೆ ಎರಡು ದಾರಿ. ಒಂದೇ ಚಿತ್ರವಾದ್ದರಿಂದ ಅದು ಎಷ್ಟೇ ಕುಗ್ಗಿದರೂ ಒಡೆದು ಮೇಲೆ ಕೆಳಗೆ ಆಗಲಾರದು. ಗೆರೆಗಳಲ್ಲೇ ಬರೆದದ್ದರಿಂದ ತೂಕವೂ ಇಲ್ಲ; ಟ್ಯಾಂಕಿನಿಂದ ದೂರ ಬಂದರೂ ತೆರೆಯುತ್ತದೆ.

“ಕೆರ ಎಲ್ಲಿ?” ಎಂದಳು.

“ಇದೇ ದಾರಿ.”

“ದಾರಿ ಸರಿ, ಕೆರ ಎಲ್ಲಿ? ನೀರು ಬರೀರಿ.” ನೀಲಿ ಬರೆದೆ. “ಅಲ್ಲೊಂದು ಮೋಟ್ರು ಮನ ಅದ, ಅದ್ನೂ ಬರೀರಿ. ಗುಡ್ಡದ ತಾವು ಉಣಸ ಮರ. ಅಷ್ಟು ದೊಡ್ಡದಲ್ಲ ಕಣಣ್ಣ, ಅದು ಒಣಗೋಗದ.”

ಕೆಂಪು ಬಣ್ಣ ಬಿಸಿಲಿನಲ್ಲಿ, ಗೀರು ಬಿದ್ದ ಗಾಜಿನಲ್ಲಿ ಮಂಕಾಗುತ್ತದೆಂದು ಆನೆಯಿರುವ ದಾರಿಯ ಮೇಲೆ ದಪ್ಪ ಕಪ್ಪು ಪಟ್ಟಿಗಳನ್ನು ಅಡ್ಡಡ್ಡ ಎಳೆದೆ. ಬಣ್ಣ ತಿಳಿಯದಿದ್ದರೂ ದಾರಿ ಮುಚ್ಚಿದೆ ಎಂದು ತಿಳಿಯುತ್ತದೆ. ಕೆಳಗೆ ಎರಡು ಲಿಪಿಯಲ್ಲೂ ದಾರಿಯ ಹೆಸರು ಹಾಕಿದೆ. ಯಾವುದು ಮೊದಲು ಎಂದು ಯಾರಾದರೂ ಜಗಳಕ್ಕೆ ಬಂದರೆ ಬರಲಿ ಎಂದುಕೊಂಡೆ. ಇಷ್ಟು ವರ್ಷ ತಪ್ಪಿಸಿಕೊಂಡ ಜಗಳಗಳೆಲ್ಲ ಸೇರಿ ಆ ಮಣಿಕಟ್ಟಿಗೆ ಸಮವಲ್ಲ.

ಅವಳು ಫೋನನ್ನು ಉದ್ದ ಹಿಡಿದು ನೋಡಿದಳು, ಅಡ್ಡ ಹಿಡಿದು ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು. ಆಮೇಲೆ ಕೇಳಿದಳು: “ಇದು ಎಷ್ಟೊತ್ತಿನ ಮಾತು?”

“ಅಂದ್ರೆ?”

“ಸಾವ್ಕಾರ್ರು ಯಾವಾಗ ಒತ್ತುದ್ರು? ಅವ್ರು ಒತ್ತುದ್ಮ್ಯಾಲ ಆನ ಅಲ್ಲೇ ನಿಂತ್ಕಂಡಿರ್ತದಾ?”

ಮೂವತ್ತು ವರ್ಷ ಗೋಡೆ ಬರೆದವನಿಗೆ ಇದು ತೋಚದ ವಿಷಯ. ಗೋಡೆಯ ಮೇಲೆ ಬರೆದದ್ದು ನಾಳೆಯೂ ನಿಜ, ನಾಡಿದ್ದೂ ನಿಜ. ಚಿತ್ರದ ನೆತ್ತಿಯ ಮೇಲೆ ಗುಂಡಿ ಒತ್ತಿದ ಹೊತ್ತನ್ನು ದೊಡ್ಡದಾಗಿ ಹಾಕಿದೆ. ಹೊತ್ತು ಕಳೆದಂತೆ ಹಸಿರು ತಾನಾಗಿ ಬಿಳಿಚಿಕೊಳ್ಳುವಂತೆ ಮಾಡಿದೆ. ಹಳೆಯ ಸುದ್ದಿಯನ್ನು ಯಾರೂ ಹೊಸದೆಂದು ನಂಬಬಾರದು.

“ಈಗ ಸರಿಹೋಯ್ತಾ?” ಎಂದೆ.

“ನಂಗ ಸರಿ. ಅವ್ರಿಗ?” ಎಂದಳು. “ಅವ್ರು ಇನ್ಮ್ಯಾಲ ನನ್ ಮಾತ್ಗ ಎಜ್ಜ ಕೀಳಲ್ಲ. ನಿಮ್ ಪುಟಕ್ಕೂ ಕೀಳಲ್ಲ. ಸ್ವಾಮಾರ ನೀವು ಬನ್ನಿ. ಇದ್ನ ನೋಡ್ಕಂಡು ನೀವು ಮುಂದ ನಡೀರಿ, ಅವ್ರು ಹಿಂದ ಬರ್ಲಿ.”

ನಾನು ಮಂಡಿನೋವು, ವಯಸ್ಸು, ಬೆಳಗಿನ ಬಸ್ಸಿನ ಹೊತ್ತು ಇತ್ಯಾದಿ ಕಾರಣಗಳನ್ನು ಯೋಗ್ಯ ಕ್ರಮದಲ್ಲಿ ನಿವೇದಿಸಿದೆ. ಅವಳು ಕೇಳಿಸಿಕೊಂಡು ಪ್ಲಾಸ್ಟರಿನ ಕೈಯನ್ನು ಮಡಿಲಿನಿಂದ ಎತ್ತಿ ಮೇಜಿನ ಮೇಲಿಟ್ಟಳು. ನಾನು ಒಪ್ಪಿಕೊಂಡೆ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ನೀರಿನ ಟ್ಯಾಂಕಿನ ಕೆಳಗೆ ಇದ್ದೆ. ಚಳಿ. ಒಬ್ಬೊಬ್ಬರೇ ಬಂದರು, ದೂರ ನಿಂತರು. ಎಡಗೈ ಎತ್ತಿಸಿದ್ದ ದಿನ ನಕ್ಕಿದ್ದ ಅಜ್ಜಿ ನನ್ನ ಚಪ್ಪಲಿ ನೋಡಿ, “ಇದ್ರಲ್ಲಿ ಓಡಕ್ಕಾದದಾ ಸಾಮಿ?” ಎಂದಳು. ಈ ಸಲ ಯಾರೂ ನಗಲಿಲ್ಲ. ಒಂಬತ್ತು ಜನವಾದರು. ಇನ್ನೂ ಮೂವರಿಗೆ ಕಾದೆವು, ಬರಲಿಲ್ಲ.

ಪುಟ ತೆರೆದೆ, ಉದ್ದ ಹಿಡಿದೇ. ಗುಡ್ಡದ ದಾರಿಗೆ ಕಪ್ಪು ಪಟ್ಟಿ. ಕೆರೆ ಹಸಿರು. ಕೆರೆಯೇ ಬರಬೇಕಿತ್ತೇ ಎಂದು ಮನಸ್ಸು ಸಣ್ಣಗೆ ಗೊಣಗಿತು. ಮೇಸ್ತ್ರಿ ಪಕ್ಕದಲ್ಲಿ ಬಂದು ನಿಂತು, “ಎಷ್ಟೊತ್ತಿನದು?” ಎಂದಳು. ಹೇಳಿದೆ. “ನಡೀರಿ,” ಎಂದಳು.

ಕವಲು ದಾಟಿ ಏರಿ ಹತ್ತಿದೆ. ನಾನು ಕಟ್ಟಿದ ಪುಟವನ್ನು ನಾನೇ ನಂಬಿ ನಡೆಯುವುದು ಎಂದರೆ ಏನೆಂದು ಆ ಏರಿಯ ಮೇಲೆ ನನಗೆ ತಿಳಿಯಿತು. ಎರಡೂ ಕಡೆ ಜೋಳ ಆಳೆತ್ತರ, ಗಾಳಿಗೆ ಗರಿ ಅಲುಗಿದರೂ ನಿಂತು ಕಿವಿಗೊಡುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ ಫೋನು ನೋಡುತ್ತಿದ್ದೆ. ಹಸಿರು ಎಷ್ಟು ಬಿಳಿಚಿದೆ ಎಂದು ಅಳೆಯುತ್ತಿದ್ದೆ. ಅರ್ಧ ದಾರಿಯಲ್ಲಿ, ತಟ್ಟೆಯಾದ ಡಬ್ಬವೊಂದು ಇನ್ನೂ ಬಿದ್ದಿದ್ದ ಕಡೆ, ಹಿಂದಿನಿಂದ ಮೇಸ್ತ್ರಿಯ ದನಿ ಬಂತು:

“ಪೈಂಟ್ರಣ್ಣ, ಅದ್ನ ನೋಡ್ದು ಸಾಕು. ದಾರಿ ನೋಡಿ.”

ಹೊಲ ಮುಟ್ಟಿದೆವು. ಅವರು ಕೋಸಿನ ಸಾಲಿಗೆ ಇಳಿದರು. ನಾನು ಬದುವಿನ ಮೇಲೆ ಕೂತು ಚಪ್ಪಲಿಯ ಮಣ್ಣು ಕೊಡವಿಕೊಂಡೆ.

ಆ ವಾರ ಪೂರ್ತಿ ಮುಂದೆ ನಡೆದೆ. ಆಮೇಲೆ ಅವಳೇ ಮುಂದೆ ನಡೆದಳು. ಬಾರದ ಆ ಮೂವರು ಇವತ್ತಿಗೂ ಟೆಂಪೋದಲ್ಲೇ ಹೋಗುತ್ತಾರೆ. ಬಸ್‌ಸ್ಟಾಂಡಿನಲ್ಲಿ ಸಿಕ್ಕರೆ ನನ್ನ ಮಂಡಿನೋವನ್ನು ವಿಚಾರಿಸುತ್ತಾರೆ, ಪುಟದ ಮಾತು ಎತ್ತುವುದಿಲ್ಲ. ಪ್ಲಾಸ್ಟರು ಬಿಚ್ಚಿದಾಗ ಮೇಸ್ತ್ರಿಯ ಮಣಿಕಟ್ಟು ಕೊಂಚ ಸೊಟ್ಟ ಕೂಡಿಕೊಂಡಿತ್ತು. ಎಡಗೈಯಲ್ಲಿ ಅವಳು ಈಗ ಕಳೆ ಕೀಳಲಾರಳು, ಸಾಲಿನಲ್ಲಿ ಉಳಿದವರಿಗಿಂತ ಹಿಂದೆ ಬೀಳುತ್ತಾಳೆ. ಒಂದು ದಿನ ಧೈರ್ಯ ಮಾಡಿ ಹೇಗಿದೆ ಎಂದು ಕೇಳಿದೆ.

ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. “ಫೋನು ಇಡ್ಕಳಕ್ಕ ಸಾಕು,” ಎಂದಳು.